ರಿವರ್ಸ್ ಹಾಕಿದೆವು, ಸ್ಕ್ರೀನ್‌ನಲ್ಲಿ ರೇಡಿಯೋನೇ ಇತ್ತು

ಜನವರಿ ತಿಂಗಳು, ಬೆಳಿಗ್ಗೆ ಏಳೂವರೆ. ಕಣದ ತುಂಬ ಕಾಫಿ ಹರಡಿತ್ತು. ಮಂಜು ಇನ್ನೂ ತೋಟ ಬಿಟ್ಟು ಎದ್ದಿರಲಿಲ್ಲ. ಆಲೂರಿನ ತಾಲ್ಲೂಕು ಕಚೇರಿಯಲ್ಲಿ ನಮಗೆ ಪಹಣಿ ಕೆಲಸವಿತ್ತು, ಹೊತ್ತಾದರೆ ಸಾಲು ಉದ್ದ ಆಗುತ್ತೆ ಅನ್ನೋ ಅವಸರ. ಶೆಡ್‌ನಿಂದ ಕಾರು ಹಿಂದಕ್ಕೆ ತೆಗೆದೆವು. ರಿವರ್ಸ್ ಗೇರ್ ಹಾಕಿದ ಕೂಡಲೇ ಸ್ಕ್ರೀನ್‌ನಲ್ಲಿ ಕಾರಿನ ಹಿಂದಿನ ಚಿತ್ರ ಬರಬೇಕು. ಬರಲಿಲ್ಲ. ಹಾಸನ ಆಕಾಶವಾಣಿ ಹಾಡುತ್ತಿತ್ತು, ಸ್ಕ್ರೀನ್ ಮೇಲೆ ಅದೇ ನಿಂತಿತ್ತು. ಕೆಲವು ವಾರಗಳಿಂದ ಹೀಗೇ ಆಗಿತ್ತು. 'ಇದೊಂದು ಸರಿ ಮಾಡಿಸಬೇಕು' ಅಂತ ಇಬ್ಬರಲ್ಲಿ ಒಬ್ಬರು ಅಂದೆವು. ಅಷ್ಟರಲ್ಲಿ ಹಿಂದಿನಿಂದ ಚರಚರ ಅಂತ ಬಿದಿರು ಮುರಿಯೋ ಸದ್ದು ಬಂತು.

ಮೊದಲೇ ಹೇಳಿಬಿಡುತ್ತೇವೆ, ಯಾರಿಗೂ ಏನೂ ಆಗಲಿಲ್ಲ. ಎಡಗಡೆ ಹಿಂದಿನ ಚಕ್ರದ ಕೆಳಗೆ ಒಂದು ಮಂಕರಿ ಸಿಕ್ಕಿತ್ತು. ಕೊಯ್ಲಿಗೆ ಅಂತ ಅಸ್ಸಾಂನಿಂದ ಬಂದ ಒಂದು ಕುಟುಂಬ ಆ ವರ್ಷ ನಮ್ಮ ಹಳೇ ಲೈನ್ ಮನೆಯಲ್ಲಿ ಇತ್ತು. ಅವರ ಮೂರು ವರ್ಷದ ಹುಡುಗಿಯನ್ನು ಅವಳ ತಾಯಿ ಬೆಳಗಿನ ಬಿಸಿಲಿಗೆ ಅದೇ ಮಂಕರಿಯಲ್ಲಿ ಕಂಬಳಿ ಹಾಸಿ ಕೂರಿಸುತ್ತಿದ್ದಳು. ಅವತ್ತು ಮುಖ ತೊಳೆಸಲು ಐದು ನಿಮಿಷ ನಲ್ಲಿ ಹತ್ತಿರ ಕರೆದುಕೊಂಡು ಹೋಗಿದ್ದಳು. ಸದ್ದಿಗೆ ಓಡಿ ಬಂದವಳು ಏನೂ ಮಾತಾಡಲಿಲ್ಲ. ಚಕ್ರದ ಕೆಳಗಿಂದ ಕಂಬಳಿ ಎಳೆದುಕೊಂಡು, ಕೊಡವಿ, ಮಡಚಿ ಒಳಗೆ ಹೋದಳು. ಅವಳು ನಾಲ್ಕು ಮಾತು ಬೈದಿದ್ದರೆ ನಮಗೆ ಎಷ್ಟೋ ಹಗುರ ಆಗುತ್ತಿತ್ತು.

ಯಾರು ಓಡಿಸುತ್ತಿದ್ದರು ಅಂತ ಕೇಳಬೇಡಿ. ಅಣ್ಣ ತಂಗಿ ಇಬ್ಬರೂ ಒಳಗೇ ಕೂತಿದ್ದೆವು, ಇಬ್ಬರೂ ಸ್ಕ್ರೀನನ್ನೇ ನೋಡುತ್ತಿದ್ದೆವು. ಅದರಲ್ಲಿ ಏನೂ ಕಾಣುವುದಿಲ್ಲ ಅಂತ ಗೊತ್ತಿದ್ದೂ ನೋಡುತ್ತಿದ್ದೆವು. ಎರಡು ವರ್ಷದ ಅಭ್ಯಾಸ, ಕತ್ತು ಹಿಂದಕ್ಕೆ ತಿರುಗುವುದೇ ಮರೆತುಹೋಗಿತ್ತು.

ಅವತ್ತು ಆಲೂರಿಗೆ ಹೋಗಲಿಲ್ಲ. ಆ ಸ್ಕ್ರೀನ್ ಯಾಕೆ ಬರುತ್ತಿಲ್ಲ ಅಂತ ಹುಡುಕಿಕೊಂಡು ಹೊರಟ ಕಥೆ ಇದು. ನಮ್ಮ ಕಡೆ ಈಗ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಲ್ಲಿ ಸುಮಾರು ಜನ ಇಂಥದ್ದೊಂದು ಸ್ಕ್ರೀನ್ ಹಾಕಿಸಿಕೊಂಡಿದ್ದಾರೆ. ಕೆಟ್ಟಾಗ ಎಲ್ಲರೂ ನಮ್ಮ ಹಾಗೇ ಮೊದಲು ಕ್ಯಾಮೆರಾವನ್ನೇ ಬೈಯುತ್ತಾರೆ.

ನಾವು ಮಾಡಿದ ಮೊದಲ ತಪ್ಪೂ ಅದೇ. ನಿಜ ಹೇಳಬೇಕೆಂದರೆ ಮಂಕರಿ ಮುರಿಯುವುದಕ್ಕೆ ಒಂದು ತಿಂಗಳ ಮುಂಚೆಯೇ ಆ ತಪ್ಪು ಮಾಡಿ ಮುಗಿಸಿದ್ದೆವು. ಒಂದು ಕಾರ್ ಅಲಂಕಾರದ ಅಂಗಡಿಯಲ್ಲಿ ಕೇಳಿದಾಗ ಗಾಡಿ ಹತ್ತಿರಕ್ಕೂ ಬರದೆ 'ಕ್ಯಾಮೆರಾ ಹೋಗಿದೆ, ಬೇರೆ ಹಾಕಿ' ಅಂದರು. ಅವರ ಬೆಲೆ ಜಾಸ್ತಿ ಅನ್ನಿಸಿತು. ಫೋನಿನಲ್ಲಿ 1,150 ರೂಪಾಯಿಗೆ ಒಂದು ಕ್ಯಾಮೆರಾ ತರಿಸಿದೆವು. ಅದನ್ನು ತಲುಪಿಸುವ ಹುಡುಗ ನಮ್ಮೂರಿನ ತನಕ ಬರುವುದಿಲ್ಲ, ಬಾಳುಪೇಟೆಗೆ ಹೋಗಿ ಇಸಿದುಕೊಂಡು ಬಂದೆವು. ವಿಡಿಯೋ ನೋಡಿಕೊಂಡು ಹಳೆಯದನ್ನು ಕಿತ್ತು ಹೊಸದನ್ನು ಹಾಕಿದೆವು. ರಿವರ್ಸ್ ಹಾಕಿದೆವು. ರೇಡಿಯೋನೇ.

'ಇದೂ ಕೆಟ್ಟಿದ್ದೇ ಕಳಿಸಿದ್ದಾರೆ' ಅಂತ ಆ ಮಾರಾಟಗಾರರನ್ನೂ ಬೈದು, ಹಾಗೇ ಬಿಟ್ಟೆವು. ಕಾಫಿ ಕೊಯ್ಲು ಶುರುವಾಗಿತ್ತು, ಪುರುಸೊತ್ತು ಇರಲಿಲ್ಲ. ಮಂಕರಿ ಮುರಿದ ಮೇಲೆ ಪುರುಸೊತ್ತು ತಾನಾಗಿ ಬಂತು.

ಬಾಳುಪೇಟೆ ಗೊತ್ತಲ್ಲ, ಆಲೂರಿಗೂ ಸಕಲೇಶಪುರಕ್ಕೂ ನಡುವೆ, ಹೆದ್ದಾರಿ ಮೇಲೇ ಇದೆ. ಅಲ್ಲೊಬ್ಬರು ವಯಸ್ಸಾದ ಎಲೆಕ್ಟ್ರಿಷಿಯನ್ ಇದ್ದಾರೆ. ಟ್ರ್ಯಾಕ್ಟರ್, ಜೀಪು, ಲಾರಿಗಳ ವೈರಿಂಗ್ ಮಾಡುತ್ತಾ ಬಂದವರು, ಟಚ್ ಸ್ಕ್ರೀನ್ ಅಂದರೆ ಮೂಗು ಮುರಿಯುತ್ತಾರೆ. ನಾವು ಹೋಗಿ ಕ್ಯಾಮೆರಾ ಕಥೆ ಎಲ್ಲ ಹೇಳಿದೆವು, ಹೊಸದು ತರಿಸಿದ್ದು, ಇಲಿ ವೈರ್ ಕಡಿದಿರಬಹುದು ಅನ್ನುವ ಅನುಮಾನ, ಎಲ್ಲ. ಅವರು ಬೀಡಿ ಆರಿಸಿ ಒಂದೇ ಒಂದು ಮಾತು ಕೇಳಿದರು.

'ರಿವರ್ಸ್ ಲೈಟ್ ಉರಿತೈತಾ?'

ನಾವು ಮುಖ ಮುಖ ನೋಡಿಕೊಂಡೆವು. ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ರಿವರ್ಸ್ ಹಾಕುವಾಗ ನಾವು ಒಳಗೆ ಕೂತಿರುತ್ತೇವೆ, ಆ ಲೈಟು ಹಿಂದೆ ಹೊರಗಡೆ ಇರುತ್ತೆ.

'ಹೋಗಿ ನೋಡ್ಕಂಡ್ ಬನ್ನಿ' ಅಂದರು. ಇಂಜಿನ್ ಆಫ್, ಕೀ ಆನ್, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಒಬ್ಬರು ರಿವರ್ಸ್ ಹಾಕಿದೆವು, ಒಬ್ಬರು ಹಿಂದೆ ಹೋಗಿ ನೋಡಿದೆವು. ಬಿಳಿ ಲೈಟ್ ಉರಿಯುತ್ತಿರಲಿಲ್ಲ.

'ಹಂಗಾರೆ ಕ್ಯಾಮರನೂ ಬರಲ್ಲ, ನಿಮ್ಮ ಟೀವಿನೂ ಬರಲ್ಲ' ಅಂದರು. ಒಂದು ತಿಂಗಳು, 1,150 ರೂಪಾಯಿ ಮತ್ತು ಒಂದು ಮಂಕರಿ ಖರ್ಚಾದ ಮೇಲೆ ನಮಗೆ ಗೊತ್ತಾಗಿದ್ದು ಈ ಒಂದು ಮಾತು. ಸ್ವಲ್ಪ ಬಿಡಿಸಿ ಹೇಳುತ್ತೇವೆ, ನಿಮಗಾದರೂ ಉಪಯೋಗ ಆಗಲಿ.

ಗೇರ್ ಕಡ್ಡಿಯನ್ನು ರಿವರ್ಸ್‌ಗೆ ತಳ್ಳಿದಾಗ ಗೇರ್ ಬಾಕ್ಸ್ ಮೇಲೆ ಕೂತಿರುವ ಒಂದು ಪುಟ್ಟ ಸ್ವಿಚ್ ಒತ್ತಿಕೊಳ್ಳುತ್ತೆ. ಫ್ಯೂಸ್ ದಾಟಿ ಬಂದ ಬ್ಯಾಟರಿಯ 12 ವೋಲ್ಟ್ ಕರೆಂಟು ಆ ಸ್ವಿಚ್ ಮೂಲಕ ಹಿಂದಿನ ಬಿಳಿ ಲೈಟಿಗೆ ಹೋಗುತ್ತೆ. ಲೈಟು ಉರಿಯುತ್ತೆ. ಕಾರಿನ ಮೂಲ ಏರ್ಪಾಡು ಇಷ್ಟೇ. ಆಮೇಲೆ ಅಂಗಡಿಯಲ್ಲಿ ಹಾಕಿಸಿದ ಕ್ಯಾಮೆರಾಕ್ಕೆ ಬೇರೆ ಕರೆಂಟು ಎಲ್ಲಿಂದಲೂ ಬರುವುದಿಲ್ಲ. ಆ ಬಿಳಿ ಲೈಟಿನ ವೈರ್‌ಗೇ ಒಂದು ಕವಲು ಕೊಟ್ಟು ಕ್ಯಾಮೆರಾಕ್ಕೆ ಕರೆಂಟು ಕೊಡುತ್ತಾರೆ. ಅದೇ ವೈರ್‌ನಿಂದ ಇನ್ನೊಂದು ಸಣ್ಣ ಕವಲು ಕಾರಿನ ಉದ್ದಕ್ಕೂ ಮುಂದಿನ ಸ್ಕ್ರೀನಿನ ತನಕ ಹೋಗುತ್ತೆ. ಅದು ಬರೀ ಸುದ್ದಿ ಮುಟ್ಟಿಸುವ ವೈರ್: 'ಈಗ ರಿವರ್ಸ್ ಹಾಕಿದ್ದಾರೆ, ರೇಡಿಯೋ ಬಿಡು, ಕ್ಯಾಮೆರಾ ತೋರಿಸು'. ಚಿತ್ರ ಬರುವುದು ಬೇರೆ ವೈರ್‌ನಲ್ಲಿ, ಸಾಮಾನ್ಯವಾಗಿ ತುದಿಗೆ ಹಳದಿ ಪಿನ್ ಇರುವ ದಪ್ಪ ಕೇಬಲ್.

ಊರ ಟ್ಯಾಂಕಿನಿಂದ ಬರುವ ಪೈಪಿಗೆ ಮೂರು ಮನೆಯವರು ನಲ್ಲಿ ಹಾಕಿಕೊಂಡ ಹಾಗೆ. ಮೇಲೆ ಪೈಪ್ ಒಡೆದರೆ ಮೂರೂ ಮನೆಗೆ ನೀರಿಲ್ಲ. ನಾವು ಮೂರನೇ ಮನೆಯ ನಲ್ಲಿ ಬದಲಾಯಿಸಿ ನೀರು ಬರಲಿಲ್ಲ ಅಂತ ಕೂತಿದ್ದೆವು.

ಆದ್ದರಿಂದ ನಿಮ್ಮ ಸ್ಕ್ರೀನ್ ಬರದೇ ಹೋದಾಗ ಅದು ಹೇಗೆ ಬರಲಿಲ್ಲ ಅಂತ ಮೊದಲು ಸರಿಯಾಗಿ ನೋಡಿ. ರಿವರ್ಸ್ ಹಾಕಿದರೂ ರೇಡಿಯೋ ಅಥವಾ ಮ್ಯಾಪ್ ಹಾಗೇ ನಿಂತಿದ್ದರೆ ಆ ಸುದ್ದಿಯೇ ಮುಂದಕ್ಕೆ ಬಂದಿಲ್ಲ ಅಂತ ಅರ್ಥ. ಆಗ ಕ್ಯಾಮೆರಾ ಮುಟ್ಟಬೇಡಿ, ಹಿಂದೆ ಹೋಗಿ ಬಿಳಿ ಲೈಟ್ ನೋಡಿ. ಸ್ಕ್ರೀನ್ ಬದಲಾಗಿ, ನೀಲಿಯೋ ಕಪ್ಪೋ ಆಗಿ 'ನೋ ಸಿಗ್ನಲ್' ಅಂತ ಬಂದರೆ ಸುದ್ದಿ ಬಂದಿದೆ, ಚಿತ್ರ ಬಂದಿಲ್ಲ. ಆಗ ಕ್ಯಾಮೆರಾ, ಅದರ ಕರೆಂಟು, ಅದರ ಅರ್ಥಿಂಗ್ ಅಥವಾ ಹಳದಿ ಪಿನ್ ಕಡೆ ಅನುಮಾನ ಪಡಬಹುದು. ಚಿತ್ರ ಬಂದರೂ ಹಾಲು ಚೆಲ್ಲಿದ ಹಾಗೆ ಬೆಳ್ಳಗಿದ್ದರೆ ಲೆನ್ಸ್ ಒಳಗೆ ನೀರು ಸೇರಿದೆ. ನಮ್ಮ ಮಳೆಗಾಲ ಕಂಡವರಿಗೆ ಅದನ್ನು ಹೇಳಬೇಕಾಗಿಲ್ಲ.

ಬಿಳಿ ಲೈಟ್ ಚೆನ್ನಾಗಿ ಉರಿಯುತ್ತಿದ್ದು ಸ್ಕ್ರೀನ್ ಮಾತ್ರ ರೇಡಿಯೋದಲ್ಲೇ ಇದ್ದರೆ? ಆಗ ರಿವರ್ಸ್ ಹಾಕಿಟ್ಟುಕೊಂಡೇ ಸ್ಕ್ರೀನಿನಲ್ಲಿ ಕ್ಯಾಮೆರಾ ಅನ್ನುವ ಗುರುತು ಇದ್ದರೆ ಅದನ್ನು ಕೈಯಲ್ಲಿ ಒತ್ತಿ ನೋಡಿ. ಚಿತ್ರ ಬಂತು ಅಂದರೆ ಕ್ಯಾಮೆರಾ ಗಟ್ಟಿಮುಟ್ಟಾಗಿದೆ, ಸುದ್ದಿಯ ಸಣ್ಣ ವೈರ್ ಮಾತ್ರ ಎಲ್ಲೋ ಬಿಟ್ಟಿದೆ, ಅಥವಾ ಸೆಟ್ಟಿಂಗ್‌ನಲ್ಲಿ ಯಾರೋ ರಿವರ್ಸ್ ಕ್ಯಾಮೆರಾ ಆಫ್ ಮಾಡಿದ್ದಾರೆ. ರಜೆಗೆ ಬಂದ ಮಕ್ಕಳ ಕೈಗೆ ಸ್ಕ್ರೀನ್ ಸಿಕ್ಕಿದ್ದರೆ ಎರಡನೆಯದನ್ನೇ ಮೊದಲು ನೋಡಿ.

ನಮ್ಮದಕ್ಕೆ ವಾಪಸ್ ಬರೋಣ. ಲೈಟ್ ಇಲ್ಲ ಅಂದ ಕೂಡಲೇ ನಾವು 'ಬಲ್ಬ್ ಹೋಗಿದೆ' ಅಂದೆವು. ಆ ಹಿರಿಯರು ತಲೆ ಅಲ್ಲಾಡಿಸಿದರು. ಬಲ್ಬ್ ಸುಟ್ಟುಹೋದರೆ ಬಲ್ಬ್ ಮಾತ್ರ ಉರಿಯುವುದಿಲ್ಲ, ವೈರ್‌ನಲ್ಲಿ ಕರೆಂಟು ಇದ್ದೇ ಇರುತ್ತೆ, ಕ್ಯಾಮೆರಾ ನಡೆಯಬೇಕು. ಎರಡೂ ಒಟ್ಟಿಗೆ ಹೋಗಿದೆ ಅಂದರೆ ಎರಡಕ್ಕೂ ಮುಂಚೆ ಎಲ್ಲೋ ಕೆಟ್ಟಿದೆ. ಬಲ್ಬ್ ಬಿಚ್ಚಿ ಬ್ಯಾಟರಿಗೆ ಹಿಡಿದು ತೋರಿಸಿದರು, ಝಗ್ ಅಂತ ಉರಿಯಿತು.

ಆಮೇಲೆ ಫ್ಯೂಸ್ ಡಬ್ಬಿ. ಮುಚ್ಚಳದ ಒಳಗಡೆ ಯಾವ ಫ್ಯೂಸ್ ಯಾವುದಕ್ಕೆ ಅಂತ ಚಿತ್ರ ಇತ್ತು. ಇಷ್ಟು ವರ್ಷದಲ್ಲಿ ನಾವು ಆ ಮುಚ್ಚಳ ತೆಗೆದಿರಲೇ ಇಲ್ಲ. ಫ್ಯೂಸ್ ಸರಿ ಇತ್ತು. ಇಲ್ಲಿ ಒಂದು ಮಾತು. ಫ್ಯೂಸ್ ಸುಟ್ಟಿದ್ದರೆ ಅದರ ಮೇಲೆ ಬರೆದಿರುವ ಆಂಪಿಯರ್ ನೋಡಿ ಅಷ್ಟರದ್ದೇ ಹಾಕಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು, ತಾಮ್ರದ ಎಳೆ ಕಟ್ಟುವುದು ನಮ್ಮ ಕಡೆ ಮಾಮೂಲು, ಗಾಡಿಗೆ ಬೆಂಕಿ ಬೀಳುವುದಕ್ಕೆ ಅಷ್ಟು ಸಾಕು. ಹೊಸ ಫ್ಯೂಸ್ ಕೂಡ ಹಾಕಿದ ಕೂಡಲೇ ಸುಟ್ಟರೆ ಎಲ್ಲೋ ವೈರ್ ಬಾಡಿಗೆ ತಾಗುತ್ತಿದೆ, ಅದನ್ನು ಹುಡುಕಬೇಕು.

ಫ್ಯೂಸ್ ಸರಿ, ಬಲ್ಬ್ ಸರಿ. ಉಳಿದದ್ದು ಗೇರ್ ಬಾಕ್ಸ್ ಸ್ವಿಚ್ ಮತ್ತು ಅಲ್ಲಿಂದ ಹಿಂದಕ್ಕೆ ಬರುವ ಅಷ್ಟುದ್ದದ ವೈರ್. ಅವರು ಟೆಸ್ಟ್ ಲ್ಯಾಂಪ್ ತೆಗೆದರು. ಅದೇನು ದೊಡ್ಡ ಯಂತ್ರ ಅಲ್ಲ, ಒಂದು ಪುಟ್ಟ ಬಲ್ಬ್, ಒಂದು ಕಡೆ ಕ್ಲಿಪ್, ಇನ್ನೊಂದು ಕಡೆ ಸೂಜಿ. ಕ್ಲಿಪ್ಪನ್ನು ಬಣ್ಣ ಇಲ್ಲದ ಕಬ್ಬಿಣಕ್ಕೆ ಹಾಕಿ, ಸೂಜಿಯನ್ನು ವೈರ್‌ಗೆ ಮುಟ್ಟಿಸಿದರೆ ಕರೆಂಟು ಇದ್ದಲ್ಲಿ ಉರಿಯುತ್ತೆ. ಗೇರ್ ಬಾಕ್ಸ್ ಹತ್ತಿರ ಬಗ್ಗುವ ಮೊದಲು ಅವರು ನಮ್ಮನ್ನು ಇನ್ನೊಂದು ಪ್ರಶ್ನೆ ಕೇಳಿದರು. ಒಂದೇ ಸಲ ನಿಂತಿತಾ, ಬಂದು ಹೋಗಿ ಮಾಡ್ತಿತ್ತಾ?

ಬಂದು ಹೋಗಿ ಮಾಡುತ್ತಿತ್ತು. ಜುಲೈ ಮಳೆಯಲ್ಲಿ ಶುರುವಾಗಿದ್ದು. ಕೆಲವು ದಿನ ಚಿತ್ರ ಬರುತ್ತಿರಲಿಲ್ಲ, ಹಿಂದಿನ ಡಿಕ್ಕಿ ಬಾಗಿಲನ್ನು ಒಂದು ಸಲ ತೆಗೆದು ಜೋರಾಗಿ ಹಾಕಿದರೆ ಬರುತ್ತಿತ್ತು. ನಾವು ಅದನ್ನೊಂದು ಉಪಾಯ ಅಂತ ತಿಳಿದು ಬಂದವರಿಗೆಲ್ಲ ಹೇಳಿಕೊಟ್ಟಿದ್ದೆವು.

'ಅದನ್ನ ಮೊದಲೇ ಹೇಳಬಾರದಾ' ಅಂತ ಟೆಸ್ಟ್ ಲ್ಯಾಂಪ್ ಹಿಡಿದು ಸೀದಾ ಹಿಂದಕ್ಕೆ ಹೋದರು. ನಮ್ಮ ಕಾರಿನಲ್ಲಿ ರಿವರ್ಸ್ ಲೈಟ್ ಇರುವುದು ಡಿಕ್ಕಿ ಬಾಗಿಲ ಮೇಲೆಯೇ. ಬಾಗಿಲಿಗೂ ಕಾರಿನ ಮೈಗೂ ನಡುವೆ, ಕೀಲಿನ ಪಕ್ಕ, ಆನೆ ಸೊಂಡಿಲಿನ ಹಾಗೆ ಸುಕ್ಕು ಸುಕ್ಕಾದ ಒಂದು ರಬ್ಬರ್ ಕೊಳವೆ ಇರುತ್ತೆ. ಹಿಂದಿನ ಬಾಗಿಲಿನ ವೈರ್‌ಗಳೆಲ್ಲ ಅದರೊಳಗೇ ಹೋಗಬೇಕು. ಕೊಳವೆಯ ಈಚೆ, ಕಾರಿನ ಮೈ ಕಡೆ ಸೂಜಿ ಮುಟ್ಟಿಸಿದರು, ಲ್ಯಾಂಪ್ ಉರಿಯಿತು. ಆಚೆ, ಬಾಗಿಲ ಕಡೆ ಮುಟ್ಟಿಸಿದರು, ಇಲ್ಲ. ಗೇರ್ ಬಾಕ್ಸ್ ಕಡೆ ಹೋಗುವ ಕೆಲಸವೇ ಉಳಿಯಲಿಲ್ಲ.

ರಬ್ಬರ್ ಹಿಂದಕ್ಕೆ ಜಾರಿಸಿದಾಗ ಒಳಗಿಂದ ಒಂದು ಚಮಚ ನೀರು ಸುರಿಯಿತು. ಜನವರಿಯಲ್ಲಿ! ಕೊಳವೆ ತನ್ನ ತೂತಿನಿಂದ ಯಾವತ್ತೋ ಸ್ವಲ್ಪ ಜಾರಿ ಹೊರಗೆ ಬಂದಿತ್ತು, ಮಳೆಗಾಲ ಪೂರ್ತಿ ನೀರು ಕುಡಿದು, ಆಮೇಲೆ ಇಬ್ಬನಿಯನ್ನೂ ಕುಡಿದುಕೊಂಡು ಕೂತಿತ್ತು. ಒಳಗೆ ಒಂದು ವೈರ್ ಪೂರ್ತಿ ತುಂಡಾಗಿತ್ತು, ತುದಿಯಲ್ಲಿ ತಾಮ್ರ ಹಸಿರಾಗಿ ಪುಡಿಯಾಗುತ್ತಿತ್ತು. ಪಕ್ಕದಲ್ಲಿ ನಂಬರ್ ಪ್ಲೇಟ್ ಲೈಟಿನ ವೈರ್ ಎರಡೇ ಎಳೆಯ ಮೇಲೆ ಜೋತಾಡುತ್ತಿತ್ತು.

ಯಾಕೆ ತುಂಡಾಯಿತು ಅಂದರೆ ನಾವೇ ಕಾರಣ. ಈ ಕಾರಿನ ಹಿಂದಿನ ಬಾಗಿಲು ದಿನಕ್ಕೆ ಎಷ್ಟು ಸಲ ತೆಗೆದು ಹಾಕಿರಬಹುದು ಲೆಕ್ಕ ಹಾಕಿ. ಗೊಬ್ಬರದ ಚೀಲ, ಮೆಣಸಿನ ಚೀಲ, ನಾಯಿ, ಸಿಲಿಂಡರ್, ಸಂತೆಯ ತರಕಾರಿ, ಮದುವೆಗೆ ಹೋಗುವ ನೆಂಟರ ಬ್ಯಾಗು. ಒಂದೊಂದು ಸಲವೂ ಆ ವೈರ್ ಅದೇ ಜಾಗದಲ್ಲಿ ಮಡಚಿ ಬಿಚ್ಚುತ್ತೆ. ತಂತಿಯನ್ನು ಕೈಯಲ್ಲಿ ಆಚೆ ಈಚೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಕೆಲಸ, ನಿಧಾನವಾಗಿ. ಎಳೆಗಳು ಒಂದೊಂದೇ ಹೋಗಿ, ಕೊನೆಗೆ ತುದಿಗೆ ತುದಿ ತಾಗಿದಾಗ ಉಂಟು, ಬಿಟ್ಟಾಗ ಇಲ್ಲ ಅನ್ನುವ ಹಾಗಾಗುತ್ತೆ. ಬಾಗಿಲು ಜೋರಾಗಿ ಹಾಕುವ ನಮ್ಮ ಉಪಾಯದಿಂದ ಉಳಿದ ಎಳೆಗಳೂ ಬೇಗ ಹೋಗಿರಬೇಕು. ಇಲಿಯ ಮೇಲೆ ಸುಮ್ಮನೆ ಅಪವಾದ ಹಾಕಿದ್ದೆವು.

ರಿಪೇರಿಯಲ್ಲೂ ಒಂದು ಸೂಕ್ಷ್ಮ ಇದೆ. ಎರಡು ತುದಿ ಎಳೆದು ತಿರುಚಿ ಟೇಪ್ ಸುತ್ತಿದರೆ ವೈರ್ ಗಿಡ್ಡ ಆಗುತ್ತೆ, ಬಾಗಿಲು ಎತ್ತಿದಾಗ ಬಿಗಿದು ಮತ್ತೆ ಅಲ್ಲೇ ಕಿತ್ತುಹೋಗುತ್ತೆ. ಅವರು ಹಸಿರು ಬಂದ ಭಾಗ ಎಲ್ಲ ಕತ್ತರಿಸಿ ಎಸೆದರು. ಗೇಣುದ್ದದ ಮೆತ್ತನೆ ಹೊಸ ವೈರ್ ನಡುವೆ ಸೇರಿಸಿದರು. ಎರಡು ಜೋಡಣೆಯೂ ಕೊಳವೆಯ ಮಡಿಕೆ ಬೀಳುವ ಜಾಗ ಬಿಟ್ಟು ಆಚೆ ಈಚೆ ಬರುವ ಹಾಗೆ ನೋಡಿಕೊಂಡು ಬೆಸುಗೆ ಹಾಕಿದರು, ಮೇಲೆ ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ತೋಳು ಎಳೆದು ಬೆಂಕಿಪಟ್ಟಣ ಹಿಡಿದರು. ನಂಬರ್ ಪ್ಲೇಟ್ ವೈರ್‌ಗೂ ಹಾಗೇ ಮಾಡಿದರು. ಕೊನೆಗೆ ಕೊಳವೆಯನ್ನು ಅದರ ತೂತಿಗೆ ಒತ್ತಿ ಕೂರಿಸಿದರು. ಒಂದು ಗಂಟೆ ಹಿಡಿಯಿತು. 250 ರೂಪಾಯಿ ತೆಗೆದುಕೊಂಡರು.

ಕೀ ಆನ್ ಮಾಡಿ ರಿವರ್ಸ್ ಹಾಕಿದೆವು. ಬಿಳಿ ಲೈಟ್ ಉರಿಯಿತು. ಸ್ಕ್ರೀನ್ ಬದಲಾಯಿತು. ನೀಲಿ. ನೋ ಸಿಗ್ನಲ್.

ಅದು ನಮ್ಮದೇ ಕೈಗುಣ. ಹೊಸ ಕ್ಯಾಮೆರಾ ಹಾಕುವಾಗ ಹಳದಿ ಪಿನ್ ಪೂರ್ತಿ ಒತ್ತಿರಲಿಲ್ಲ, ಅರ್ಧಕ್ಕೆ ನಿಂತಿತ್ತು. ಒತ್ತಿದ ಕೂಡಲೇ ಬಾಳುಪೇಟೆ ರಸ್ತೆ, ಎದುರಿನ ಬೇಕರಿ, ಅಲ್ಲಿ ಬನ್ ತಿನ್ನುತ್ತಿದ್ದ ಒಬ್ಬರು, ಎಲ್ಲ ಸ್ಕ್ರೀನ್ ಮೇಲೆ ಬಂತು. ಆಮೇಲೆ ಹಳೇ ಕ್ಯಾಮೆರಾವನ್ನೂ ಹಾಕಿ ನೋಡಿದೆವು, ಅದೂ ಬಂತು, ಹೊಸದಕ್ಕಿಂತ ಚೆನ್ನಾಗಿಯೇ ಬಂತು. ಹಳೆಯದನ್ನೇ ಉಳಿಸಿಕೊಂಡೆವು. ಹೊಸದನ್ನು ವಾಪಸ್ ಕಳಿಸುವ ದಿನ ಮುಗಿದಿತ್ತು. ಅದು ಈಗಲೂ ಬೀರುವಿನಲ್ಲಿದೆ, ಬೇಕಾದವರು ಕೇಳಬಹುದು.

ಈ ಕೆಲಸ ನೀವೇ ಮಾಡಲು ಹೊರಟರೆ ಎರಡು ಎಚ್ಚರಿಕೆ. ಹಳದಿ ಬಣ್ಣದ ಕನೆಕ್ಟರ್, ಹಳದಿ ಕವಚದ ವೈರ್ ಕಾರಿನ ಒಳಗೆ ಕಂಡರೆ ಅದು ಏರ್‌ಬ್ಯಾಗ್‌ನದು, ಸೂಜಿ ಚುಚ್ಚಬೇಡಿ. ಮೇಲೆ ಹೇಳಿದ ವಿಡಿಯೋದ ಹಳದಿ ಪಿನ್ ಬೇರೆ, ಇದು ಬೇರೆ. ಮತ್ತೆ, ಕಂಪನಿಯಿಂದಲೇ ಕ್ಯಾಮೆರಾ ಬಂದಿರುವ ಹೊಸ ಕಾರುಗಳಲ್ಲಿ ಎಷ್ಟೋ ಕಡೆ ಈ ಸುದ್ದಿ ಕಂಪ್ಯೂಟರ್ ಮೂಲಕ ಹೋಗುತ್ತೆ, ಅವನ್ನು ಟೆಸ್ಟ್ ಲ್ಯಾಂಪ್ ಹಿಡಿದು ಕೆದಕಬಾರದು. ಲೈಟ್ ಉರಿಯುತ್ತಾ, ಫ್ಯೂಸ್ ಸರಿ ಇದೆಯಾ, ಲೆನ್ಸ್ ಮೇಲೆ ಕೆಸರು ಇದೆಯಾ, ಇಷ್ಟು ನೋಡಿ ಸರ್ವಿಸ್‌ನವರಿಗೆ ಕೊಡಿ.

ದುಡ್ಡು ಕೊಟ್ಟು ಹೊರಡುವಾಗ ಆ ಹಿರಿಯರು ಕೇಳಿದರು, 'ಎಷ್ಟು ದಿನದಿಂದ ಈ ಲೈಟ್ ಇಲ್ಲ?'

ಲೈಟ್. ಕ್ಯಾಮೆರಾ ಅಂತ ಕೇಳಲಿಲ್ಲ ಅವರು. ನಾವು ಅಲ್ಲಿಯ ತನಕ ಕ್ಯಾಮೆರಾ ಎಷ್ಟು ದಿನದಿಂದ ಇಲ್ಲ ಅಂತ ಮಾತ್ರ ಲೆಕ್ಕ ಇಟ್ಟಿದ್ದೆವು. ಆದರೆ ವೈರ್ ಒಂದೇ ಅಲ್ಲವೇ, ಚಿತ್ರ ಬರದ ಪ್ರತಿ ಸಲವೂ ಹಿಂದೆ ಆ ಬಿಳಿ ಲೈಟೂ ಉರಿದಿಲ್ಲ. ಜುಲೈನಿಂದ ಆಗಾಗ, ಡಿಸೆಂಬರ್‌ನಿಂದ ಪೂರ್ತಿ. ಕೆಂಚಾಂಬ ದೇವಸ್ಥಾನದ ಮುಂದೆ ಜನರ ನಡುವೆ ರಿವರ್ಸ್ ತೆಗೆದಿದ್ದೇವೆ. ಸಕಲೇಶಪುರ ಬಸ್ ಸ್ಟ್ಯಾಂಡ್ ಹತ್ತಿರ ತೆಗೆದಿದ್ದೇವೆ. ಶಾಲೆ ಬಿಡುವ ಹೊತ್ತಿಗೆ ಶಾಲೆ ಗೇಟಿನ ಮುಂದೆ ತೆಗೆದಿದ್ದೇವೆ. ಸ್ಕ್ರೀನ್ ಇರುವುದು ಒಳಗೆ ಕೂತ ನಮಗೆ. ಬಿಳಿ ಲೈಟ್ ಇರುವುದು ಹಿಂದೆ ನಿಂತವರಿಗೆ, ಈ ಗಾಡಿ ನಿಮ್ಮ ಕಡೆ ಬರುತ್ತಿದೆ ಸರಿಯಿರಿ ಅಂತ ಹೇಳುವುದಕ್ಕೆ. ನಮ್ಮದು ಕೆಟ್ಟಿದೆ ಅಂತ ನಾವು ತಿಂಗಳುಗಟ್ಟಲೆ ಗೊಣಗಿದ್ದೆವು. ಅವರದು ಕೆಟ್ಟಿದ್ದು ನಮಗೆ ಗೊತ್ತೇ ಇರಲಿಲ್ಲ. ಅವತ್ತು ಆ ತಾಯಿ ನಲ್ಲಿ ಹತ್ತಿರದಿಂದ ತಿರುಗಿ ನೋಡಿದ್ದರೂ ನಿಂತ ಕಾರಿಗೂ ಹಿಂದೆ ಬರುವ ಕಾರಿಗೂ ವ್ಯತ್ಯಾಸ ಕಾಣುತ್ತಿರಲಿಲ್ಲ.

ಮನೆಗೆ ಬಂದು ಇನ್ನೊಂದು ಪರೀಕ್ಷೆ ಮಾಡಿದೆವು. ಎರಡಡಿ ಎತ್ತರದ ಇನ್ನೊಂದು ಮಂಕರಿ ತಂದು ಕಾರಿನ ಹಿಂದೆ ಇಟ್ಟು, ಒಬ್ಬರು ಡ್ರೈವರ್ ಸೀಟಿನಲ್ಲಿ ಕೂತು, ಹಿಂದಿನ ಗಾಜಿನಲ್ಲಿ ನೋಡುತ್ತಾ, ಮಂಕರಿಯ ಬಾಯಿ ಕಾಣುವ ತನಕ ಅದನ್ನು ಹಿಂದಕ್ಕೆ ಸರಿಸಿದೆವು. ಹತ್ತಿರ ಹತ್ತಿರ 20 ಅಡಿ ಹೋಗಬೇಕಾಯಿತು. ಕುಕ್ಕರಗಾಲಲ್ಲಿ ಕೂತು ಆಡುವ ಮಗು ಎಷ್ಟು ಎತ್ತರ ಇರುತ್ತೋ ಅಷ್ಟೇ ಎತ್ತರದ ಮಂಕರಿ ಅದು. ನಿಮ್ಮ ಗಾಡಿಗೆ ಎಷ್ಟು ಬರುತ್ತೆ ಅಂತ ಒಂದು ಸಲ ಅಳೆದು ನೋಡಿ. ಜೀಪು, ಪಿಕಪ್ ಆದರೆ ಇನ್ನೂ ಜಾಸ್ತಿ ಬಂದೀತು.

ಅಮೆರಿಕದಲ್ಲಿ ಈ ಕ್ಯಾಮೆರಾ ಕಡ್ಡಾಯ ಆಗಿದ್ದೇ ಒಂದು ಮಗುವಿನಿಂದ. 2002ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಕ್ಯಾಮರನ್ ಗುಲ್‌ಬ್ರಾನ್ಸನ್ ಅನ್ನುವ ಎರಡು ವರ್ಷದ ಮಗು, ಅಪ್ಪ ಮನೆ ಮುಂದೆಯೇ ಗಾಡಿಯನ್ನು ರಿವರ್ಸ್ ತೆಗೆಯುವಾಗ ಸತ್ತುಹೋಯಿತು. ಅಪ್ಪ ಮಕ್ಕಳ ಡಾಕ್ಟರ್. ಅವರು ಬೇರೆ ತಂದೆ ತಾಯಿಯರ ಜತೆ ಸೇರಿ ಹೋರಾಡಿ, 2008ರಲ್ಲಿ ಆ ಮಗುವಿನ ಹೆಸರಲ್ಲೇ ಕಾನೂನು ಬಂತು. ನಿಯಮ ಬರೆಯಲು 2014 ಆಯಿತು, ಎಲ್ಲ ಹೊಸ ಕಾರುಗಳಿಗೆ ಅನ್ವಯ ಆಗಲು 2018ರ ಮೇ ಆಯಿತು. ಅಲ್ಲಿನ ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ ಹೀಗೆ ಹಿಂದಕ್ಕೆ ಬರುವ ಗಾಡಿಗೆ ಸಿಕ್ಕಿ ವರ್ಷಕ್ಕೆ ಸರಾಸರಿ 210 ಜನ ಸಾಯುತ್ತಿದ್ದರು, ಅದರಲ್ಲಿ ನೂರಕ್ಕೆ 31 ಜನ ಐದು ವರ್ಷದ ಒಳಗಿನ ಮಕ್ಕಳು, 26 ಜನ ಎಪ್ಪತ್ತು ದಾಟಿದವರು. ರಿವರ್ಸ್ ಹಾಕಿದ 2 ಸೆಕೆಂಡಿನ ಒಳಗೆ ಚಿತ್ರ ಬರಬೇಕು ಅಂತಲೂ ಅಲ್ಲಿನ ನಿಯಮದಲ್ಲಿದೆ. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ತಯಾರಾದ ಹೊಸ ಕಾರುಗಳಿಗೆ ಹಿಂದೆ ಬೀಪ್ ಬೀಪ್ ಅನ್ನುವ ಸೆನ್ಸರ್ ಕಡ್ಡಾಯ. ನಮ್ಮದು ಅದಕ್ಕಿಂತ ಹಳೇ ಕಾರು, ಅದಿಲ್ಲ. ಇದ್ದವರೂ ಪೂರ್ತಿ ನಂಬಬೇಡಿ. ತೀರ ತಗ್ಗಿನಲ್ಲಿರುವುದು, ಸಣ್ಣ ಕಂಬ, ಮೆತ್ತನೆ ಬಟ್ಟೆ ಹೊದ್ದದ್ದು ಅದಕ್ಕೆ ಸರಿಯಾಗಿ ಸಿಗದೇ ಹೋಗಬಹುದು.

ನಮ್ಮ ಕಡೆ ರಿವರ್ಸ್ ಅಂದರೆ ಬರೀ ಶೆಡ್‌ನಿಂದ ತೆಗೆಯುವುದಲ್ಲ ಅನ್ನುವುದೂ ಒಂದಿದೆ. ಎರಡು ಕಡೆ ಬೇಲಿ, ಒಂದು ಕಡೆ ಇಳಿಜಾರು, ನಡುವೆ ಒಂದೇ ಗಾಡಿ ಹಿಡಿಯುವ ತೋಟದ ರಸ್ತೆ. ಸಂಜೆ ತಿರುವಿನಲ್ಲಿ ಎದುರಿಗೆ ಆನೆ ನಿಂತಿದ್ದರೆ ಇರುವುದು ಒಂದೇ ದಾರಿ, ಹಿಂದಕ್ಕೆ. ಆಲೂರು ಸಕಲೇಶಪುರ ಭಾಗದಿಂದ 2013-14ರಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದ್ದು ನೆನಪಿರಬೇಕು. ಆಮೇಲೂ ಆನೆ ಬರುವುದು ನಿಂತಿಲ್ಲ, ಬೆಳಿಗ್ಗೆ ಎದ್ದು ಫೋನಿನಲ್ಲಿ ಆನೆ ಎಲ್ಲಿದೆ ಅಂತ ನೋಡಿಯೇ ಹೊರಡುವವರು ನಾವು. ಅಂಥ ಹೊತ್ತಲ್ಲಿ ನೂರಡಿ ಹಿಂದಕ್ಕೆ ಹೋಗಲು ಕ್ಯಾಮೆರಾ ಒಂದೇ ಇದ್ದರೆ ಸಾಲದು, ಬಿಳಿ ಲೈಟೂ ಬೇಕು. ಲೈಟ್ ಇಲ್ಲದೆ ಕ್ಯಾಮೆರಾಕ್ಕೆ ಕತ್ತಲೆ ಮಾತ್ರ ಕಾಣುತ್ತೆ. ಲೈಟ್ ಇದ್ದರೆ ಕಿಟಕಿಯಿಂದ ತಲೆ ಹಾಕಿದರೂ ಚರಂಡಿಯ ಅಂಚು ಕಾಣುತ್ತೆ. ನಾವು ಆರು ತಿಂಗಳು ಆ ರಸ್ತೆಯಲ್ಲಿ ಓಡಾಡಿದ್ದು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಒಂಥರ ಆಗುತ್ತೆ.

ಈಗ ಶೆಡ್‌ನಿಂದ ತೆಗೆಯುವಾಗ ಒಬ್ಬರು ಇಳಿದು ಹಿಂದೆ ನಿಲ್ಲುತ್ತೇವೆ. ಒಬ್ಬರೇ ಇದ್ದ ದಿನ ಕಾರಿನ ಸುತ್ತ ಒಂದು ಸುತ್ತು ಬಂದು ಕೂರುತ್ತೇವೆ, ಬರುವಾಗ ಲೆನ್ಸ್ ಮೇಲಿನ ಇಬ್ಬನಿ ಬೆರಳಲ್ಲಿ ಒರೆಸುತ್ತೇವೆ. ವಾರಕ್ಕೊಮ್ಮೆ ಸಂಜೆ ಶೆಡ್ ಗೋಡೆಗೆ ಹಿಂಭಾಗ ಮಾಡಿ ನಿಲ್ಲಿಸಿ ರಿವರ್ಸ್ ಹಾಕಿದರೆ ಗೋಡೆ ಮೇಲೆ ಬೆಳಕು ಬಿದ್ದದ್ದು ಒಳಗಿಂದಲೇ ಗೊತ್ತಾಗುತ್ತೆ, ಇನ್ನೊಬ್ಬರನ್ನು ಕರೆಯಬೇಕಾಗಿಲ್ಲ.

ಮುರಿದ ಮಂಕರಿ ಬದಲು ಸಕಲೇಶಪುರದಿಂದ ಒಂದು ಹೊಸದು ತಂದು ಕೊಟ್ಟೆವು. ಆ ತಾಯಿ ಅದನ್ನು ಕೊಯ್ಲಿಗೆ ಇಟ್ಟುಕೊಂಡಳು. ಮಗುವನ್ನು ಮಾತ್ರ ಆಮೇಲೆ ಕಣದ ಆ ಕಡೆ ಕೂರಿಸಲಿಲ್ಲ, ಲೈನ್ ಮನೆ ಜಗಲಿಯಲ್ಲೇ ಕೂರಿಸುತ್ತಿದ್ದಳು, ಅಲ್ಲಿ ಬಿಸಿಲು ಬರುವುದು ಒಂಬತ್ತು ಗಂಟೆ ಮೇಲೆ. ಮಾರ್ಚ್‌ನಲ್ಲಿ ರೋಬಸ್ಟಾ ಕೊಯ್ಲು ಮುಗಿಸಿಕೊಂಡು ಅವರು ಊರಿಗೆ ಹೋದರು.

ಕ್ಯಾಮೆರಾ ಚೆನ್ನಾಗಿ ನಡೆಯುತ್ತಿದೆ. ಹಳೆಯದನ್ನು ವಾಪಸ್ ಕೂರಿಸುವಾಗ ಸ್ವಲ್ಪ ವಾರೆ ಆಗಿದೆ, ಸ್ಕ್ರೀನ್ ಮೇಲಿನ ಹಳದಿ ಕೆಂಪು ಗೆರೆಗಳು ಎಡಕ್ಕೆ ಎಳೆಯುತ್ತವೆ, ಅದನ್ನು ನಂಬಿದರೆ ಶೆಡ್ ಕಂಬಕ್ಕೆ ತಾಗುವುದು ಖಂಡಿತ. ಎರಡು ಸ್ಕ್ರೂ ಸಡಿಲ ಮಾಡಿ ಸರಿ ಮಾಡಬೇಕು. ಸ್ಕ್ರೂಡ್ರೈವರ್ ಬಾಳುಪೇಟೆಯಲ್ಲೇ ಬಿಟ್ಟು ಬಂದಿದ್ದೇವೆ.